ಉಣ್ಣೆ ದಾರದ ಆರು ಅಂಕೆ

ಹತ್ತು ಗಂಟೆ ಇಪ್ಪತ್ತೆರಡು ನಿಮಿಷ

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ನನ್ನ ಅಜ್ಜನ ಕಳೆ ಕೀಳುವ ಖುರಪಿ ಕಬ್ಬಿಣಕ್ಕೆ ತಾಗಿತು. ಸಮಯ ಇಷ್ಟು ಖಚಿತವಾಗಿ ಗೊತ್ತಿರಲು ಕಾರಣ, ಅದೇ ಹೊತ್ತಿಗೆ ನಾನು ಅವನ ಫೋಟೊ ತೆಗೆದಿದ್ದೆ. ಅದು ಈಗಲೂ ಫೋನಿನಲ್ಲಿದೆ. ಇಟಲಿಯ ಒಂದು ಗುಡ್ಡದ ಓರೆಯಲ್ಲಿ, ಆಲಿವ್ ಗಿಡಗಳ ಸಾಲಿನ ಅಂಚಿಗೆ, ಎಂಬತ್ತು ದಾಟಿದ ಮುದುಕ ಮಂಡಿಯೂರಿ ಕೂತಿದ್ದಾನೆ. ಹೆಗಲ ಮೇಲೆ ಕರಿ ಕಂಬಳಿ. ಮುಂದೆ ಒಂದು ಗೇಣು ಆಳದ ಗುಂಡಿ. ಹಿಂದೆ ದೂರದಲ್ಲಿ ಕುರಿಗಳು, ಅವುಗಳ ನಡುವೆ ಕೈ ಎತ್ತಿ ನಿಂತ ಒಬ್ಬ ಮನುಷ್ಯ. ಆ ಮನುಷ್ಯ ಕೈ ಬೀಸಿ ನಮಸ್ಕಾರ ಮಾಡುತ್ತಿದ್ದಾನೆ ಎಂದುಕೊಂಡು ನಾನು ನಕ್ಕಿದ್ದೆ.

ಫೋಟೊದಲ್ಲಿ ಶಬ್ದವಿಲ್ಲ. ಆದರೂ ಅದನ್ನು ತೆರೆದಾಗಲೆಲ್ಲ 'ಟಣ್' ಎಂದು ನನಗೆ ಕೇಳುತ್ತದೆ. ಊರಿಗೆ ಬಂದ ಮೇಲೆ ಸ್ಟೀಲಿನ ತಾಟು ಕೆಳಗೆ ಬಿದ್ದರೂ ಸಾಕು, ಎರಡೂ ಕೈ ತಾವಾಗಿ ಎದೆಗೆ ಬರುತ್ತಿದ್ದವು. ಹುಮನಾಬಾದಿನಲ್ಲಿ ನಾನು ಕಲಿಸುವ ಶಾಲೆಯಲ್ಲಿ ಕಬ್ಬಿಣದ ಗಂಟೆ ಹೊಡೆಯುವ ಹೊತ್ತಿಗೆ ನಾನು ತರಗತಿಯ ಕಿಟಕಿ ಮುಚ್ಚತೊಡಗಿದ್ದೆ. ಮಕ್ಕಳು ಸೆಕೆ ಎಂದು ಗೊಣಗುತ್ತಿದ್ದರು.

ಘಾಟಬೋರಾಳ

ನನ್ನ ಅಜ್ಜ ಮಾಳಪ್ಪ. ನಮ್ಮ ಕಡೆ ಅಜ್ಜನಿಗೆ ಮುತ್ಯಾ ಎನ್ನುತ್ತೇವೆ. ಹುಮನಾಬಾದ್ ತಾಲ್ಲೂಕಿನ ಘಾಟಬೋರಾಳದಲ್ಲಿ ನಮ್ಮದು ಕುರಿ ಕಾಯುವ ಮನೆತನ. ಮುತ್ಯಾ ತನ್ನ ಅಪ್ಪನ ಮುಖ ಕಂಡವನಲ್ಲ. ಅವನು ಹೊಟ್ಟೆಯಲ್ಲಿದ್ದಾಗಲೇ ಅಪ್ಪ ಬೀರಪ್ಪ ಎರಡನೇ ಮಹಾಯುದ್ಧಕ್ಕೆ ಹೋಗಿದ್ದ. ಬಂದೂಕು ಹಿಡಿಯಲು ಹೋದವನಲ್ಲ, ಹೇಸರಗತ್ತೆ ಹೊಡೆಯಲು ಹೋದವನು. ಗುಡ್ಡಗಾಡಿನಲ್ಲಿ ಲಾರಿ ಹೋಗದ ಕಡೆ ಅನ್ನ, ನೀರು, ಮದ್ದುಗುಂಡು ಎಲ್ಲವೂ ಹೇಸರಗತ್ತೆಗಳ ಬೆನ್ನ ಮೇಲೆ ಹೋಗುತ್ತಿದ್ದವು. ಜಾನುವಾರು ಪಳಗಿಸಿ ಗೊತ್ತಿದ್ದವರನ್ನು ಆ ಕೆಲಸಕ್ಕೆ ಆರಿಸುತ್ತಿದ್ದರು.

ಹೋಗುವ ಮೊದಲು ಬೀರಪ್ಪ ಹೆಂಡತಿ ಗಂಗವ್ವನಿಗೆ ಸೈನ್ಯದವರು ಕೊಟ್ಟ ತನ್ನ ನಂಬರು ಹೇಳಿಕೊಟ್ಟ. ಆರು ಅಂಕೆ. ಕಾಗದ ಬರೆಸಿದರೆ ಹೆಸರಿನ ಜೊತೆ ಅದು ಇರಲೇಬೇಕು, ಇಲ್ಲದಿದ್ದರೆ ಸಾವಿರಾರು ಜನರ ನಡುವೆ ತನಗೆ ತಲುಪುವುದಿಲ್ಲ ಎಂದ. ಗಂಗವ್ವನಿಗೆ ಓದು ಬರದು. ನಮ್ಮ ಹಟ್ಟಿಯ ಹೆಂಗಸರು ಕುರಿಯ ಲೆಕ್ಕವನ್ನು ಉಣ್ಣೆ ದಾರಕ್ಕೆ ಗಂಟು ಹಾಕಿ ಇಡುತ್ತಿದ್ದರು. ಅವಳು ಗಂಡನ ನಂಬರನ್ನೂ ಹಾಗೇ ಇಟ್ಟಳು. ಒಂದಕ್ಕೆ ಒಂದು ಗಂಟು, ಆರಕ್ಕೆ ಆರು ಗಂಟು, ಒಂದು ಅಂಕೆಗೂ ಇನ್ನೊಂದಕ್ಕೂ ನಡುವೆ ಹೆಬ್ಬೆರಳಿನಷ್ಟು ಜಾಗ. ಸೊನ್ನೆಗೆ ಗಂಟು ಹಾಕುವುದು ಹೇಗೆ? ತಾಳಿಯಿಂದ ಒಂದು ಕರಿಮಣಿ ಬಿಡಿಸಿ ಆ ಜಾಗಕ್ಕೆ ಪೋಣಿಸಿದಳು. ದಾರದ ತುದಿಯಲ್ಲಿ ಗೂಟಕ್ಕೆ ನೇತುಹಾಕಲು ಒಂದು ಕುಣಿಕೆ.

ಬೀರಪ್ಪ ಬರಲಿಲ್ಲ. ಸತ್ತನೆಂಬ ಕಾಗದ ಬಂದಿತ್ತೋ ಇಲ್ಲವೋ ಅದೂ ಗೊತ್ತಿಲ್ಲ. ಕುರಿ ಹೊಡೆದುಕೊಂಡು ವರ್ಷದ ಎಂಟು ತಿಂಗಳು ಊರು ಬಿಡುವ ಮನೆಗೆ ಬಂದ ಕಾಗದ ಯಾರ ಕೈ ಸೇರಿತೋ. ಗಂಗವ್ವ ಬಳೆ ಒಡೆಯಲಿಲ್ಲ, ಕುಂಕುಮ ಅಳಿಸಲಿಲ್ಲ, ಹಾಗೇ ತೀರಿಹೋದಳು. ಆಗ ನಾನು ಐದನೇ ಇಯತ್ತೆಯಲ್ಲಿದ್ದೆ.

ಮನೆಯಲ್ಲಿ ಶಾಲೆಯ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಮರುವರ್ಷ ಮುತ್ಯಾ ಗೂಟದ ಮೇಲಿನ ದಾರ ತೋರಿಸಿ, ಎಣಿಸಿ ಬರೆ ಎಂದ. ನಾನು ಎಣಿಸಿದೆ. ನಮ್ಮ ಮಾಸ್ತರರ ಕೈಯಿಂದ ಸೈನ್ಯದ ಹಳೆಯ ದಾಖಲೆ ಇಡುವ ಕಚೇರಿಗೆ ಅರ್ಜಿ ಹೋಯಿತು. ಎರಡು ವರ್ಷ ಬಿಟ್ಟು ನಾಲ್ಕು ಸಾಲಿನ ಉತ್ತರ ಬಂತು: ಈ ನಂಬರಿನ ವ್ಯಕ್ತಿ ಯುದ್ಧ ಮುಗಿದ ಮೇಲೆ ಬಿಡುಗಡೆ ಹೊಂದಿ ಮರಳಿದ್ದಾನೆ.

ಮರಳಿದ್ದಾನೆ. ಹಾಗಾದರೆ ಎಲ್ಲಿಗೆ? ಊರಿನವರಿಗೆ ಅಷ್ಟು ಸಾಕಾಯಿತು. ಕಟ್ಟೆಯ ಮೇಲೆ ಕೂತವರು, "ಏನಪಾ ಮಾಳಪ್ಪ, ನಿಮ್ಮಪ್ಪ ಬಿಳೀ ಹೆಂಡ್ತಿ ಮಾಡ್ಕೊಂಡು ಮುಂಬೈದಾಗ ಕುಂತಾನಂತ" ಎಂದು ನಗುವರು. ಮುತ್ಯಾ ಜಗಳವಾಡಲಿಲ್ಲ. ಪಿತೃ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಹಾಕುವಾಗ ಅವ್ವ ತೀರಿದ ಮೇಲೆ ಅಪ್ಪನಿಗೆಂದು ಗುಮಾನಿಯ ಮೇಲೆ ಇಡುತ್ತಿದ್ದ ಒಂದು ಎಲೆಯನ್ನು ಆ ವರ್ಷದಿಂದ ನಿಲ್ಲಿಸಿದ, ಅಷ್ಟೇ. ಇಪ್ಪತ್ತೈದು ವರ್ಷ ಅವನ ಬಾಯಲ್ಲಿ ಅಪ್ಪನ ಹೆಸರು ಬರಲಿಲ್ಲ.

ಹೋದ ವರ್ಷ ಬಸವಕಲ್ಯಾಣದ ನನ್ನ ಸಹೋದ್ಯೋಗಿಯೊಬ್ಬರ ಭಾವ ಇಟಲಿಯ ಹೈನಿನ ಫಾರ್ಮಿನಲ್ಲಿ ಕೆಲಸಕ್ಕಿದ್ದವರು ಒಂದು ಫೋಟೊ ಕಳಿಸಿದರು. ಯುದ್ಧದಲ್ಲಿ ಸತ್ತವರ ಸ್ಮಶಾನದಲ್ಲಿ ಒಂದು ಬಿಳಿ ಕಲ್ಲು. ಅದರ ಮೇಲೆ ಬೀರಪ್ಪ ಎಂದು ಹೆಸರು. ಕಲ್ಲಿನ ಮೇಲಂಚು ಬಿಸಿಲಿಗೆ ಬೆಳ್ಳಗಾಗಿ, ಅಲ್ಲಿ ಕೆತ್ತಿದ ನಂಬರು ಕಾಣುತ್ತಿರಲಿಲ್ಲ. ಇನ್ನೊಂದು ಫೋಟೊ ಕೇಳುವ ಹೊತ್ತಿಗೆ ಅವರು ಬೇರೆ ಊರಿಗೆ ಹೋಗಿಬಿಟ್ಟಿದ್ದರು.

"ಬೀರಪ್ಪ ಅನ್ನೋರು ನಮ್ಮ ಕಡೆ ಮನಿಗೊಬ್ರು ಅದಾರ ಮುತ್ಯಾ," ಎಂದೆ. "ನಂಬರ್ ಹೊಂದಿದ್ರ ಮಾತ್ರ ನಮ್ಮವ."

"ಕಚೇರಿಯವ್ರ ಕಾಗದಾನೂ ತಪ್ಪಿರಬಹುದು. ಹೊಂದತದೋ ಇಲ್ಲೋ ಇಲ್ಲೇ ಕುಂತ್ರ ಹ್ಯಾಂಗ ಗೊತ್ತಾಗತದ? ನಡಿ, ನೋಡೇ ಬರೂನು."

ಅಪ್ಪ ಸತ್ತದ್ದು ಖಾತ್ರಿಯಾದರೆ ಹೊಲದ ಬದುವಿನ ಹಿರಿಯರ ಕಲ್ಲುಗಳ ಸಾಲಿನಲ್ಲಿ ಅವನದೂ ಒಂದು ನೆಡಬಹುದು. ನಮ್ಮ ಮನೆತನದಲ್ಲಿ ಊರ ಹೊರಗೆ ಸತ್ತವರ ಕಲ್ಲನ್ನು ಬರಿ ನೆಲಕ್ಕೆ ನೆಡುವುದಿಲ್ಲ. ಸತ್ತ ಜಾಗದ ಒಂದು ಹಿಡಿ ಮಣ್ಣು ಅಡಿಗೆ ಬೇಕು. ಅದೂ ಮೇಲಿನ ಮಣ್ಣಲ್ಲ, ನೇಗಿಲು ಮುಟ್ಟದ ಕೆಳಗಿನ ಹಸಿ ಮಣ್ಣು. ಅದಕ್ಕೇ ಮುತ್ಯಾ ವಿಮಾನದ ಹೊಟ್ಟೆಗೆ ಹಾಕುವ ಚೀಲದಲ್ಲಿ ತನ್ನ ಬಟ್ಟೆಯ ನಡುವೆ ಕಳೆ ಕೀಳುವ ಖುರಪಿಯನ್ನು ಸುತ್ತಿಟ್ಟ.

ದಾರಿಯಲ್ಲಿ

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹುಡುಗಿ ಮುತ್ಯಾನ ಅಂಗಿಯ ಕಿಸೆಯಿಂದ ಗಂಟಿನ ದಾರ ಹೊರಗೆಳೆದು ಹಿಂದಿಯಲ್ಲಿ ಇದೇನು ಎಂದಳು.

"ನಮ್ಮಪ್ಪರಿ," ಎಂದ ಮುತ್ಯಾ.

ಅವಳು ನನ್ನ ಮುಖ ನೋಡಿದಳು. ನಾನು ತಾಯತ ಎಂದೆ. ಅವಳು ದಾರವನ್ನು ಕಣ್ಣಿಗೊತ್ತಿ ಮರಳಿಸಿದಳು. ಮುಂದೆ ಹೋದ ಮೇಲೆ ಮುತ್ಯಾ, "ಸುಳ್ಳ್ಯಾಕ ಹೇಳಿದಿ? ಹೊಂದಿದ್ರ ಅಪ್ಪ, ಹೊಂದದಿದ್ರ ತಾಯತ. ಇನ್ನಾ ಗೊತ್ತಿಲ್ಲಲ," ಎಂದು ತಾನೇ ನಕ್ಕ.

ವಿಮಾನದವರು ತಂದುಕೊಟ್ಟ ಊಟ ಅವನು ಮುಟ್ಟಲಿಲ್ಲ. ಕಂಬಳಿಯೊಳಗಿನಿಂದ ಕಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಖಾರದ ಪುಡಿ ಹೊರಬಂದವು. ರೊಟ್ಟಿ ಮುರಿದ ಸದ್ದಿಗೆ ಪಕ್ಕದಲ್ಲಿ ಮಲಗಿದ್ದ ವಿದೇಶಿ ಮುದುಕ ಎದ್ದ. ಮುತ್ಯಾ ಅವನಿಗೂ ಅರ್ಧ ಕೊಟ್ಟ. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಸಕ್ಕರೆ ಉದುರಿಸಿಕೊಂಡು ತಿಂದ. "ಪಾಪ, ಯಾರೂ ಹೇಳಿಕೊಟ್ಟಿಲ್ಲ," ಎಂದು ಮುತ್ಯಾ ಮರುಗಿದ.

ಇಟಲಿಯಲ್ಲಿ ನಮಗೆ ಆಸರೆಯಾದವರು ಅನ್ನಾ ಎಂಬ ನಿವೃತ್ತ ಶಿಕ್ಷಕಿ. ತಮ್ಮ ಗುಡ್ಡದ ಊರಿನಲ್ಲಿ ಯುದ್ಧದ ಸ್ಮಶಾನ ನೋಡಲು ಬರುವವರಿಗೆ ದಾರಿ ತೋರಿಸುತ್ತಾರೆ. ಇಂಗ್ಲಿಷ್ ಬಲ್ಲರು. ಅವರ ಊರಿನ ಕಟ್ಟೆಯ ಮೇಲೂ ಸಂಜೆಗೆ ಮುದುಕರು ಸಾಲಾಗಿ ಕೂತು ಹೋಗಿಬರುವವರನ್ನು ಎವೆಯಿಕ್ಕದೆ ನೋಡುತ್ತಿದ್ದರು. ಒಬ್ಬ ಎದ್ದು ಬಂದು ಮುತ್ಯಾನ ಕಂಬಳಿಯ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ ತಲೆದೂಗಿದ. ನಮ್ಮ ತಾಲ್ಲೂಕಿನ ದುಬಲಗುಂಡಿಯ ಬಸ್ಸಿನಲ್ಲಿ ಕೂತಂತೆಯೇ ಅನಿಸಿತು.

ಬಿಳಿ ಕಲ್ಲುಗಳು

ಸ್ಮಶಾನ ಎಂದರೆ ಮುತ್ಯಾ ಮುಳ್ಳುಕಂಟಿ ನಿರೀಕ್ಷಿಸಿದ್ದ. ಅಲ್ಲಿ ಹುಲ್ಲು ಹಾಸಿದ ಅಂಗಳ, ಒಂದೇ ಎತ್ತರದ ಕಲ್ಲುಗಳು, ಪ್ರತಿ ಕಲ್ಲಿನ ಬುಡದಲ್ಲಿ ಹೂವು. ಎಲ್ಲ ಕಲ್ಲಿನ ಮೇಲೂ ಮೊದಲು ನಂಬರು, ಅದರ ಕೆಳಗೆ ಹೆಸರು.

"ಮೊದಲ ನಂಬರ್ ಬರಿತಾರೇನು? ಹೆಸರು ಆಮ್ಯಾಲ?"

"ಹೌದು ಮುತ್ಯಾ. ಹೆಸರು ಒಂದೇ ಇರೋರು ಭಾಳ ಮಂದಿ ಇರ್ತಾರಲ್ಲ."

ಬೀರಪ್ಪನ ಕಲ್ಲು ನಾಲ್ಕನೇ ಸಾಲಿನಲ್ಲಿತ್ತು. ನಾನು ಬರೆದುಕೊಂಡಿದ್ದ ಚೀಟಿ ತೆಗೆದೆ. ನಮ್ಮ ನಂಬರು ಎರಡರಿಂದ ಶುರುವಾಗುತ್ತದೆ. ಕಲ್ಲಿನ ಮೇಲಿನದು ಮೂರರಿಂದ. ಮೊದಲ ಅಂಕೆಯೇ ಬೇರೆ. ಉಳಿದದ್ದನ್ನು ಕಣ್ಣು ನೋಡಿತೇ ಹೊರತು ನಾನು ನೋಡಲಿಲ್ಲ. ಕಲ್ಲಿನ ಒಂದು ಫೋಟೊ ತೆಗೆದುಕೊಂಡು ಚೀಟಿ ಮಡಚಿದೆ.

ಮುತ್ಯಾ ನನ್ನ ಮುಖದಲ್ಲೇ ಓದಿಕೊಂಡ. ಕಲ್ಲಿಗೆಂದು ತಂದಿದ್ದ ಭಂಡಾರದ ಅರಿಸಿನಪುಡಿಯ ಪೊಟ್ಟಣವನ್ನು ಅರ್ಧ ಬಿಚ್ಚಿದ್ದವನು ಮತ್ತೆ ಸುತ್ತಿದ. "ಯಾರದೋ ಮನಿ ಮಗ," ಎಂದು ಕಲ್ಲಿನ ತಲೆ ಸವರಿದ.

ಅನ್ನಾ ಹೇಳಿದರು: ಆ ಸಾಲಿನಲ್ಲಿರುವವರೆಲ್ಲ ಹೇಸರಗತ್ತೆ ಹೊಡೆಯುವವರು. ಮೇಲಿನ ಗುಡ್ಡದ ಹಾದಿಯಲ್ಲಿ ಸಾಲಾಗಿ ಹೋಗುವಾಗ ಗುಂಡು ಬಿದ್ದು ಸತ್ತರು. ಯುದ್ಧ ಮುಗಿದ ಮೇಲೆ ಅವರನ್ನು ಅಲ್ಲಿಂದ ಕೆಳಗೆ ತಂದರು. ಆ ಜಾಗ ಈಗ ಪಿಯೆತ್ರೊ ಎಂಬ ರೈತನ ಹೊಲ.

"ಅಲ್ಲಿಗೆ ಹೋಗೂನು," ಎಂದ ಮುತ್ಯಾ.

"ನಂಬರ್ ಹೊಂದಲಿಲ್ಲಲ್ಲ ಮುತ್ಯಾ."

"ಹೇಸರಗತ್ತಿ ಹೊಡ್ಯಾವ್ರೇ ಸತ್ತಾರಲ್ಲ. ಅವರೊಳಗ ನಮ್ಮವ ಇದ್ದಾನು, ಇಲ್ದಿದ್ದಾನು. ನೆಲಾ ಮುಟ್ಟಿ ಬರೂನು. ಇಷ್ಟು ದೂರ ಬಂದು ಹಂಗೇ ಹೊಳ್ಳಿದ್ರ ನಮ್ಮವ್ವ ಕೇಳ್ತಾಳ."

ಪಿಯೆತ್ರೊನ ಹೊಲ

ಮರುದಿನ ಬೆಳಿಗ್ಗೆ ಹೋದೆವು. ಪಿಯೆತ್ರೊಗೆ ಐವತ್ತರ ಮೇಲೆ ವಯಸ್ಸು. ಆಲಿವ್ ತೋಟದ ಜೊತೆಗೆ ನೂರರಷ್ಟು ಕುರಿ. ಮುತ್ಯಾ ಗಾಡಿಯಿಂದ ಇಳಿದವನೇ ಕುರಿಗಳ ನಡುವೆ ಹೊಕ್ಕು ಒಂದರ ಬಾಯಿ ತೆರೆದು ಹಲ್ಲು ನೋಡಿದ. ಪಿಯೆತ್ರೊ ಮೊದಲು ಬೆರಗಾಗಿ, ಆಮೇಲೆ ತಾನೇ ಇನ್ನೊಂದನ್ನು ಹಿಡಿದು ತಂದು ತೋರಿಸಿದ. ಭಾಷೆ ಇಲ್ಲದೆ ಇಬ್ಬರೂ ಗೊರಸು, ಉಣ್ಣೆ, ಕೆಚ್ಚಲು ಎಲ್ಲ ಮಾತಾಡಿ ಮುಗಿಸಿದರು. ಪ್ರತಿ ಕುರಿಯ ಕಿವಿಗೂ ಹಳದಿ ಬಿಲ್ಲೆ, ಅದರ ಮೇಲೆ ನಂಬರು.

"ಇವಕ್ಕೂ ನಂಬರೇನು?" ಎಂದು ಮುತ್ಯಾ ನನ್ನತ್ತ ತಿರುಗಿದ.

ಯುದ್ಧದ ಹೇಸರಗತ್ತೆಗಳಿಗೂ ಗೊರಸಿನ ಮೇಲೆ ನಂಬರು ಸುಡುತ್ತಿದ್ದರೆಂದು ಅನ್ನಾ ಹೇಳಿದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ಮುತ್ಯಾ ಆ ಕುರಿಯ ಕಿವಿಯನ್ನು ಬಹಳ ಹೊತ್ತು ಬೆರಳಲ್ಲಿ ಹಿಡಿದುಕೊಂಡಿದ್ದ.

ಹಳೆಯ ಹಾದಿಯ ಗುರುತು ಹೊಲದ ಮೇಲಂಚಿನಲ್ಲಿತ್ತು. ಪಿಯೆತ್ರೊ ಕೈ ತೋರಿಸಿ ಕುರಿಗಳ ಹಿಂದೆ ಹೋದ. ಅನ್ನಾ ಕೆಳಗೆ ಗಾಡಿಯ ಬಳಿ ಫೋನಿನಲ್ಲಿದ್ದರು. ನೆಲ ಅಗೆಯುವುದಕ್ಕೆ ಅಪ್ಪಣೆ ಕೇಳಬೇಕೆಂದು ನಮಗಿಬ್ಬರಿಗೂ ಹೊಳೆಯಲಿಲ್ಲ. ಒಂದು ಹಿಡಿ ಮಣ್ಣಿಗೆ ನಮ್ಮಲ್ಲಿ ಯಾರು ಯಾರನ್ನು ಕೇಳುತ್ತಾರೆ? ಮುತ್ಯಾ ಮಂಡಿಯೂರಿ ಕೂತ, ಖುರಪಿಯಿಂದ ಮೇಲಿನ ಮಣ್ಣು ಬಗೆದು ಬದಿಗಿಟ್ಟ. ನಾನು ಹತ್ತು ಹದಿನೈದು ಹೆಜ್ಜೆ ದೂರ ನಿಂತು ಫೋಟೊ ತೆಗೆದೆ. ಟಣ್.

"ಕುಳ ಕಾಣ್ತದ," ಎಂದ ಮುತ್ಯಾ, ನೇಗಿಲಿನ ಕಬ್ಬಿಣ ಎಂಬ ಅರ್ಥದಲ್ಲಿ. ಮಣ್ಣು ಸವರಿದ. ತುಕ್ಕು ಹಿಡಿದು ಮಣ್ಣಿನ ಬಣ್ಣಕ್ಕೇ ತಿರುಗಿದ್ದ ಒಂದು ದುಂಡನೆಯ ಬೆನ್ನು ಕಂಡಿತು. "ಪಾಪ, ಅವನ ಮುತ್ಯಾಂದು ಇರಬೇಕು. ತಗದು ಕೊಡ್ತೀನಿ ಅವನಿಗಿ." ಇನ್ನೊಬ್ಬರ ಹೊಲದಲ್ಲಿ ಕಬ್ಬಿಣ ಸಿಕ್ಕರೆ ಕಿತ್ತು ಒಡೆಯನ ಕೈಗೆ ಕೊಡುವುದು ನಮ್ಮ ಕಡೆಯ ಮರ್ಯಾದೆ. ಅವನು ಖುರಪಿಯ ತುದಿಯನ್ನು ಅದರ ಪಕ್ಕಕ್ಕೆ ಇಟ್ಟು ಮೀಟಿದ. ಮತ್ತೆ ಟಣ್.

ಆಗ ಪಿಯೆತ್ರೊನ ಕೂಗು ಕೇಳಿತು. ಫೋಟೊದಲ್ಲಿ ಕೈ ಎತ್ತಿದ್ದವನು ಅವನೇ. ಒಂದು ಮಾತೂ ನನಗೆ ತಿಳಿಯಲಿಲ್ಲ. ಮಣ್ಣು ಕದಿಯುತ್ತಿದ್ದೇವೆಂದು ಬೈಯುತ್ತಿದ್ದಾನೇನೋ ಎಂದುಕೊಂಡೆ. ಆದರೆ ಸಿಟ್ಟಿನಿಂದ ಕೂಗುವವನು ಓಡಿಬರುತ್ತಾನೆ. ಇವನು ನಿಂತಲ್ಲಿಂದ ಕದಲಲಿಲ್ಲ. ಎರಡೂ ಅಂಗೈ ನಮ್ಮ ಕಡೆ ಚಾಚಿ, ಕಾಲು ನೆಲಕ್ಕೆ ಅಂಟಿಸಿಕೊಂಡು ಕೂಗುತ್ತಿದ್ದ. ಅವನ ಕಾಲು ನೋಡಿ ನನಗೆ ತಿಳಿಯಿತು.

ಮುತ್ಯಾನ ಎಡಗಿವಿ ಕೇಳುವುದಿಲ್ಲ. ಅವನು ಮೂರನೇ ಸಲ ಮೀಟಲು ಖುರಪಿ ಎತ್ತಿದ. ಮುತ್ಯಾ ಎಂದು ಕರೆದರೆ 'ಹಾಂ, ತಡಿ' ಎಂದು ಕೆಲಸ ಮುಗಿಸಿಯೇ ತಿರುಗುವ ಮನುಷ್ಯ. ನನ್ನ ಬಾಯಿಂದ ಹೊರಟದ್ದು ಹೆಸರಲ್ಲ. ಸುಗ್ಗಿ ರಜೆಯಲ್ಲಿ ಕುರಿಗಳ ಹಿಂದೆ ತಿರುಗುವಾಗ ಅವನೇ ಕಲಿಸಿದ ಕೂಗು. ತುಟಿ ನಡುಗಿಸಿ ಎಳೆದು, ಕೊನೆಗೆ ಒಮ್ಮೆಲೇ ಕಡಿಯುವ ಸದ್ದು. ಮುಂದೆ ಹಾವೋ ಹಾಳುಬಾವಿಯೋ ಇದೆ ಎಂದು ಅದರ ಅರ್ಥ. ಅದು ಕಿವಿಗೆ ಬಿದ್ದರೆ ಕುರಿ, ನಾಯಿ, ಮನುಷ್ಯ ಯಾರೂ ಎತ್ತಿದ ಕಾಲು ಇಡಬಾರದು.

ಖುರಪಿ ಗಾಳಿಯಲ್ಲಿ ನಿಂತಿತು. ಮುತ್ಯಾ ಕಲ್ಲಾದ.

"ಮುತ್ಯಾ, ಅದು ಕುಳ ಅಲ್ಲ. ಯುದ್ಧದ ಗುಂಡು. ಸಿಡಿತದ."

ಅವನು ತಲೆ ತಿರುಗಿಸದೆ ಕೇಳಿದ. "ನೀ ಎಲ್ಲಿದ್ದಿ?"

"ಇಲ್ಲೇ, ಹಿಂದ."

"ಹಿಂದಕ್ಕ ಹೋಗು ಸುಮಿ. ಗಾಡಿ ತನಕ ಹೋಗು. ಆಮ್ಯಾಲ ನಾ ಏಳ್ತೀನಿ."

ಏಳುವುದು! ಅವನು ಏಳುವ ರೀತಿ ನನಗೆ ಗೊತ್ತು. ಖುರಪಿಯನ್ನೋ ಕೋಲನ್ನೋ ನೆಲಕ್ಕೆ ಊರಿ, ಮೈಭಾರವೆಲ್ಲ ಅದರ ಮೇಲೆ ಹಾಕಿ ಏಳುತ್ತಾನೆ. ಹತ್ತು ವರ್ಷದಿಂದ ಆಸರೆ ಇಲ್ಲದೆ ಎದ್ದವನೇ ಅಲ್ಲ.

"ಖುರಪಿ ಊರಬ್ಯಾಡ ಮುತ್ಯಾ. ಅಲುಗಾಡಬ್ಯಾಡ. ನಾ ಬರಾಕತ್ತೇನಿ."

"ಬರಬ್ಯಾಡ."

ಹೋದೆ. ಇದನ್ನು ಧೈರ್ಯ ಎಂದು ಬರೆದುಕೊಳ್ಳಲಾರೆ. ನಿಂತಿದ್ದರೆ ಅವನು ಊರಿಯೇ ಊರುತ್ತಿದ್ದ. ಹಸಿ ನೆಲದಲ್ಲಿ ಅವನ ಚಪ್ಪಲಿಯ ಗುರುತುಗಳು ಮೂಡಿದ್ದವು. ಒಂದೊಂದರ ಮೇಲೂ ನನ್ನ ಕಾಲಿಟ್ಟೆ. ಹದಿನಾಲ್ಕು ಹೆಜ್ಜೆ. ಇವತ್ತಿಗೂ ಕಣ್ಣು ಮುಚ್ಚಿದರೆ ಒಂಬತ್ತನೆಯದರಲ್ಲಿ ನಿಲ್ಲುತ್ತೇನೆ. ಅಲ್ಲಿ ಗುರುತು ಅಳಿಸಿತ್ತು, ಎಲ್ಲಿ ಕಾಲಿಡಬೇಕೋ ತಿಳಿದಿರಲಿಲ್ಲ.

ಹಿಂದಿನಿಂದ ಅವನ ಕಂಕುಳಿಗೆ ಹೆಗಲು ಕೊಟ್ಟೆ. ಅವನು ಖುರಪಿಯನ್ನು ಮಗುವನ್ನು ಮಲಗಿಸುವಂತೆ ಹುಲ್ಲಿನ ಮೇಲೆ ಇಟ್ಟ. ಎದ್ದೆವು. ಅವನ ಬಲ ಮಂಡಿ ಆ ಕಬ್ಬಿಣದಿಂದ ಒಂದು ಗೇಣಿನಷ್ಟು ದೂರ ಇತ್ತು. ಹಿಂದೆ ಹಿಂದೆ ಹೆಜ್ಜೆ ಹಾಕಿ ಗಾಡಿಯ ತನಕ ಬಂದೆವು. ಅಷ್ಟರಲ್ಲಿ ಅಲ್ಲಿಗೆ ಬಂದಿದ್ದ ಪಿಯೆತ್ರೊ ಅಳುತ್ತಿದ್ದ. ಅವನು ಚಿಕ್ಕವನಿದ್ದಾಗ ಅವನ ಚಿಕ್ಕಪ್ಪ ಇದೇ ಗುಡ್ಡದಲ್ಲಿ ಇಂಥದೇ ಗುಂಡು ಸಿಡಿದು ಸತ್ತಿದ್ದನೆಂದು ಅನ್ನಾ ಆಮೇಲೆ ಹೇಳಿದರು.

ಶಾಲೆಯ ಅಂಗಳ

ಪೊಲೀಸರು ಬಂದು ಹೊಲದ ಸುತ್ತ ಪಟ್ಟಿ ಕಟ್ಟಿದರು. ಗುಡ್ಡದ ಆ ಮಗ್ಗುಲಿನ ಮನೆಗಳವರನ್ನೆಲ್ಲ ಊರಿನ ಶಾಲೆಗೆ ಕಳಿಸಿದರು. ಸೈನ್ಯದ ಮದ್ದುಗುಂಡಿನವರು ಪಕ್ಕದ ಊರಿನಲ್ಲಿ ಇನ್ನೊಂದನ್ನು ತೆಗೆಯಲು ಬಂದಿದ್ದರಂತೆ, ಹಾಗಾಗಿ ಅದೇ ಮಧ್ಯಾಹ್ನ ಬರುತ್ತಾರೆ ಎಂದರು. ನಮ್ಮಿಂದ ಮನೆ ಬಿಟ್ಟವರು ನಮ್ಮನ್ನು ಬೈಯುತ್ತಾರೆಂದು ನಾನು ತಲೆ ತಗ್ಗಿಸಿ ಕೂತಿದ್ದೆ. ಒಬ್ಬಳು ಮುದುಕಿ ಬ್ರೆಡ್ಡು, ಆಲಿವ್ ಎಣ್ಣೆ ತಂದು ಮುತ್ಯಾನ ಮುಂದಿಟ್ಟಳು. ಮುತ್ಯಾ ಕಂಬಳಿಯೊಳಗಿಂದ ಶೇಂಗಾ ಹಿಂಡಿ ತೆಗೆದು ಎಣ್ಣೆಗೆ ಬೆರೆಸಿ ಅವಳಿಗೇ ಮರಳಿ ಕೊಟ್ಟ. ಅವಳು ಕೆಮ್ಮಿದಳು, ಮತ್ತೂ ಕೇಳಿದಳು.

ಮುತ್ಯಾ ನನ್ನ ಅಂಗೈಯನ್ನು ತನ್ನ ತೊಡೆಯ ಮೇಲಿಟ್ಟು ಒತ್ತಿ ಹಿಡಿದಿದ್ದ. ಇನ್ನೊಂದು ಕೈಯಲ್ಲಿ ಗಂಟಿನ ದಾರ.

"ಸುಮಿ, ನಿನ್ನಿನ ಕಲ್ಲಿನ ಮ್ಯಾಲಿನ ನಂಬರ್ ಏನಿತ್ತು?"

"ಈಗ ಯಾಕ ಮುತ್ಯಾ?"

"ಸುಮ್ನ ಓದವ್ವಾ. ಗುಂಡು ಸಿಡಿಯೂ ತನಕ ಏನರ ಮಾಡಬೇಕಲ್ಲ."

ನನ್ನನ್ನು ಸಮಾಧಾನ ಮಾಡಲು ಹೇಳುತ್ತಿದ್ದಾನೆಂದು ತಿಳಿದು ಫೋನು ತೆಗೆದೆ. ಒಂದೊಂದೇ ಅಂಕೆ ಓದಿದೆ.

"ಮೂರು."

ಅವನ ಹೆಬ್ಬೆರಳು ದಾರದ ಮೇಲೆ ಸರಿಯಿತು.

"ಹೂಂ. ಮುಂದ."

"ಒಂದು. ಆರು."

"ಆರು," ಎಂದ. ದನಿ ಬೇರೆಯಾಗಿತ್ತು. "ಮುಂದ ಹೇಳಬ್ಯಾಡ. ನಾ ಹೇಳ್ತೀನಿ. ಸೊನ್ನಿ. ನಾಕು. ಎರಡು."

ಫೋಟೊದಲ್ಲಿ ಹಾಗೇ ಇತ್ತು. ಸೊನ್ನೆ, ನಾಲ್ಕು, ಎರಡು.

"ನೀ ಯಾವ ಕಡಿಂದ ಎಣಿಸಿದ್ದಿ ಅವತ್ತ?"

ಗೂಟದ ಕಡೆಯಿಂದ. ಹನ್ನೆರಡು ವರ್ಷದವಳು ನಾನು, ಗೂಟಕ್ಕೆ ನೇತುಬಿದ್ದ ದಾರವನ್ನು ಪುಸ್ತಕದ ಪುಟದಂತೆ ಮೇಲಿನಿಂದ ಕೆಳಕ್ಕೆ ಎಣಿಸಿದ್ದೆ. ಕುಣಿಕೆಯಿಂದ ಶುರುಮಾಡಿ: ಎರಡು, ನಾಲ್ಕು, ಸೊನ್ನೆ, ಆರು, ಒಂದು, ಮೂರು. ಆದರೆ ದಾರ ಕಟ್ಟುವವರು ಕುಣಿಕೆಯಿಂದ ಶುರುಮಾಡುವುದಿಲ್ಲ. ಬಾಲದ ತುದಿಯಿಂದ ಗಂಟು ಹಾಕುತ್ತ ಬಂದು, ಎಲ್ಲ ಮುಗಿದ ಮೇಲೆ ನೇತುಹಾಕಲು ಕುಣಿಕೆ ಕಟ್ಟುತ್ತಾರೆ. ಹಟ್ಟಿಯ ಪ್ರತಿ ಮುದುಕಿಗೂ ಗೊತ್ತಿದ್ದ ಮಾತು. ನಾನು ಯಾರನ್ನೂ ಕೇಳಿರಲಿಲ್ಲ.

ಕಚೇರಿಯವರ ತಪ್ಪಲ್ಲ. ನಾನು ಬೇರೆ ಒಬ್ಬನನ್ನು ಕೇಳಿದ್ದೆ, ಅವರು ಅವನ ಸಮಾಚಾರ ಹೇಳಿದ್ದರು. ಆ ಬೇರೊಬ್ಬ ಬದುಕಿ ತನ್ನ ಮನೆ ಸೇರಿದ್ದ. ಅವನ ಬದುಕನ್ನು ನಾನು ತಂದು ಬೀರಪ್ಪನ ಹೆಸರಿಗೆ ಅಂಟಿಸಿದ್ದೆ. ಇಪ್ಪತ್ತೈದು ವರ್ಷ ಊರು ನಕ್ಕದ್ದು, ಎಡೆ ನಿಂತದ್ದು, ಎಲ್ಲ ನನ್ನ ಎಣಿಕೆಯಿಂದ. ಈಗ ನಾನು ಮಕ್ಕಳಿಗೆ ಗಣಿತ ಕಲಿಸುತ್ತೇನೆ.

"ಮುತ್ಯಾ, ನೀ ಒಮ್ಮಿಯರ ಕೇಳಬೇಕಿತ್ತು."

"ನೀ ಸಾಲಿ ಕಲಿತಾಕಿ. ಸರಿ ಎಣಿಸಿರ್ತಿ ಅಂತ ಬಿಟ್ಟೆ. ನಂದೂ ಅರ್ಧ ತಪ್ಪದ." ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಅಪ್ಪ ಎಲ್ಲೂ ಓಡಿಹೋಗಿಲ್ಲ ನೋಡು. ಎತ್ತಾಗೂ ಹೋಗಿಲ್ಲ. ಹೇಸರಗತ್ತಿ ಹಿಂದೇ ಇದ್ದ," ಎಂದ. ಕಂಬಳಿಯ ಅಂಚಿನಿಂದ ಮೊದಲು ನನ್ನ ಕಣ್ಣು ಒರೆಸಿ ಆಮೇಲೆ ತನ್ನದು ಒರೆಸಿಕೊಂಡ.

ನಾಲ್ಕು ಗಂಟೆಯ ಮೇಲೆ ಗುಡ್ಡದ ಹಿಂದಿನಿಂದ ಸದ್ದು ಬಂತು. ಸದ್ದಿಗಿಂತ ಮೊದಲು ಬೆಂಚು ಅಲುಗಿತು. ಗಾಜಿನ ಲೋಟಗಳು ಒಂದಕ್ಕೊಂದು ತಾಗಿದವು. ಬ್ರೆಡ್ಡು ಕೊಟ್ಟ ಮುದುಕಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಬೆಳಿಗ್ಗೆ ನನ್ನ ಹೆಗಲ ಮೇಲಿದ್ದ ಮುತ್ಯಾನ ತೋಳು ಈಗಲೂ ನನ್ನ ಪಕ್ಕದಲ್ಲಿ ಇದೆಯೇ ಎಂದು ನಾನು ಮುಟ್ಟಿ ನೋಡಿದೆ.

ಮತ್ತೆ ನಾಲ್ಕನೇ ಸಾಲು

ಮರುದಿನ ಸ್ಮಶಾನದಲ್ಲಿ ಮುತ್ಯಾ ಕಲ್ಲಿಗೆ ಭಂಡಾರ ಹಚ್ಚಿದ. ಕಂಬಳಿಯನ್ನು ಕಲ್ಲಿನ ಹೆಗಲಿಗೆ ಹೊದಿಸಿ ಸ್ವಲ್ಪ ಹೊತ್ತು ಬಿಟ್ಟ. ಆಮೇಲೆ ದಾರವನ್ನು ಕಲ್ಲಿನ ಮೇಲಂಚಿಗೆ ಉದ್ದಕ್ಕೆ ಹಿಡಿದು, ಕೆತ್ತಿದ ಒಂದೊಂದು ಅಂಕೆಯ ಮೇಲೂ ಅದರ ಗಂಟುಗಳನ್ನು ಮುಟ್ಟಿಸುತ್ತ ಹೋದ. ಸೊನ್ನೆಯ ಮೇಲೆ ಗಂಗವ್ವನ ಕರಿಮಣಿ ಬಂತು. ಅಲ್ಲಿ ಅವನ ಬೆರಳು ಬಹಳ ಹೊತ್ತು ನಿಂತಿತು. ಅನ್ನಾ ಮುಖ ತಿರುಗಿಸಿಕೊಂಡರು.

ನಾವು ಹೊರಡುವ ಹೊತ್ತಿಗೆ ಪಿಯೆತ್ರೊ ಬಂದ. ಒಂದು ಕೈಯಲ್ಲಿ ಮುತ್ಯಾನ ಖುರಪಿ, ಇನ್ನೊಂದರಲ್ಲಿ ಜಾಮಿನ ಗಾಜಿನ ಬಾಟಲಿ. ಬಾಟಲಿಯಲ್ಲಿ ಕಪ್ಪು ತೇವದ ಮಣ್ಣು. ಗುಂಡು ಸಿಡಿದ ಕುಳಿಯ ತಳದಿಂದ ತಂದದ್ದು, ನೇಗಿಲು ಎಂದೂ ಮುಟ್ಟದ ಆಳದ್ದು. ನಾವು ಅಲ್ಲಿ ಏನು ಹುಡುಕುತ್ತಿದ್ದೆವೆಂದು ಅನ್ನಾ ಅವನಿಗೆ ಹೇಳಿದ್ದರು. ಮುತ್ಯಾ ಬಾಟಲಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಖುರಪಿಯನ್ನು ಅವನಿಗೇ ಕೊಟ್ಟುಬಿಟ್ಟ. ಪಿಯೆತ್ರೊ ಬೇಡ ಎಂದು ತಲೆಯಾಡಿಸಿದ.

"ಇಟ್ಕೊರಿ," ಎಂದ ಮುತ್ಯಾ ಕನ್ನಡದಲ್ಲೇ. "ಕಳಿ ಕೀಳಾಕ ಛಲೋ ಅದ. ಮಗರ್ ಮೆಲ್ಲಕ ಕೀಳ್ರಿ."

ಊರು

ಮರಳಿದ ಮೇಲೆ ಮುತ್ಯಾ ಮೊದಲ ದಿನದಿಂದಲೇ ಗೊರಕೆ ಹೊಡೆದ. ನಾನು ಮಾತ್ರ ಹುಮನಾಬಾದಿನ ಮನೆಯಲ್ಲಿ ಮಲಗಿದಷ್ಟೂ ಸಲ ಎದ್ದೆ. ಕೆಲವು ಸಲ ಒಂಬತ್ತನೇ ಹೆಜ್ಜೆಯಲ್ಲಿ, ಕೆಲವು ಸಲ ಖುರಪಿ ಊರುವ ಅವನ ಕೈ ಕಂಡು. ಹೆದ್ದಾರಿಯಲ್ಲಿ ಲಾರಿಯ ಹಿಂ­ಬಾಗಿಲು ಬಡಿದರೂ ಎಚ್ಚರ. ಡಾಕ್ಟರು ಗುಳಿಗೆ ಬರೆದುಕೊಟ್ಟು, ನಿಧಾನಕ್ಕೆ ಹೋಗುತ್ತದೆ ಎಂದರು.

ಪಿತೃ ಅಮಾವಾಸ್ಯೆಗೆ ಕಲ್ಲು ನೆಡುವುದೆಂದು ಮುತ್ಯಾ ಹೇಳಿಕಳಿಸಿದ. ಬಸವಕಲ್ಯಾಣದ ಕಲ್ಲುಕುಟಿಗನೊಬ್ಬನಿಗೆ ಹೆಸರು, ನಂಬರು ಎರಡನ್ನೂ ಬರೆದುಕೊಡುವ ಕೆಲಸ ನನ್ನದು. ಬರೆಯುವ ಮೊದಲು ಮುತ್ಯಾ ದಾರವನ್ನು ನನ್ನ ಕೈಗೆ ಕೊಟ್ಟು, ಎದುರಿಗೆ ಕೂತು, "ಎಣಿಸು," ಎಂದ. ಬಾಲದ ತುದಿಯಿಂದ ಎಣಿಸಿದೆ. "ಮತ್ತೊಮ್ಮೆ." ಮೂರು ಸಲ ಎಣಿಸಿದೆ. ಬಸವಕಲ್ಯಾಣದವನು ಮೊದಲು ನಂಬರೋ ಹೆಸರೋ ಎಂದು ಕೇಳಿದ. ಮುತ್ಯಾನೇ ಹೇಳಿದ: "ಅಲ್ಲಿ ನಂಬರ್ ಮ್ಯಾಲದ. ಇಲ್ಲಿ ಹೆಸರು ಮ್ಯಾಲ ಇರ್ಲಿ. ಇಲ್ಲಿ ಅವಂಗ ಗುರ್ತಿನವ್ರು ಅದಾರ."

ಅಮಾವಾಸ್ಯೆಯ ದಿನ ಹೊಲದ ಬದುವಿನಲ್ಲಿ ಜನ ಕೂಡಿದರು. ಕಟ್ಟೆಯ ಮೇಲೆ ಕೂತು ಬಿಳಿ ಹೆಂಡತಿಯ ಮಾತಾಡಿದವರಲ್ಲಿ ಉಳಿದ ಒಬ್ಬ ಮುದುಕನೂ ಬಂದಿದ್ದ. ಅವನು ಕಲ್ಲಿಗೆ ಹೆಗಲು ಕೊಟ್ಟು ಎತ್ತಿದ. ಗುಂಡಿಯೊಳಗೆ ಬಾಟಲಿಯ ಮಣ್ಣು ಸುರಿಯುವುದನ್ನು ಮುತ್ಯಾ ನನಗೆ ಬಿಟ್ಟ. ಮಂಡಿಯೂರಿ ಗುಂಡಿಯ ತಳವನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಬರಿ ಮಣ್ಣು, ನಮ್ಮ ಹೊಲದ ಕರಿ ಮಣ್ಣು. ಸುರಿದೆ. ಏಳಲು ಹೋದಾಗ ಹಿಂದಿನಿಂದ ಮುತ್ಯಾ ನನ್ನ ಕಂಕುಳಿಗೆ ಕೈ ಕೊಟ್ಟ.

ಎಡೆಯ ಸಾಲಿನಲ್ಲಿ ಒಂದು ಎಲೆ ಹೆಚ್ಚಾಯಿತು. ಉಂಡ ಮೇಲೆ ಮುತ್ಯಾ ದಾರದ ಬಾಲದ ತುದಿಗೆ ಒಂದು ಕೆಂಪು ನೂಲು ಬಿಗಿದ, ಇನ್ನು ಯಾರೇ ಎಣಿಸಿದರೂ ಎಲ್ಲಿಂದ ಎಂದು ತಿಳಿಯಲಿ ಎಂದು. ಆಮೇಲೆ ಅದನ್ನು ನನ್ನ ಕೈಯಲ್ಲಿಟ್ಟು ಬೆರಳು ಮಡಚಿದ.

ಅವತ್ತು ಹಟ್ಟಿಯಲ್ಲೇ ಮಲಗಿದೆ. ಕಣ್ಣು ತೆರೆದಾಗ ಬಿಸಿಲು ಮುಖದ ಮೇಲಿತ್ತು. ಅದು ಅಮಾವಾಸ್ಯೆಯ ಮರುದಿನ, ಸೋಮವಾರ. ನಾನು ಶಾಲೆಗೆ ಹೋಗಬೇಕಿದ್ದ ಬಸ್ಸು ಹೋಗಿಯಾಗಿತ್ತು. ಕುರಿಗಳೂ ಹೋಗಿದ್ದವು. ದಾರ ಹಾಗೇ ಮುಷ್ಟಿಯಲ್ಲಿತ್ತು, ಆರು ಅಂಕೆಯ ಗಂಟುಗಳು ಅಂಗೈಯಲ್ಲಿ ಅಚ್ಚೊತ್ತಿದ್ದವು.